ಪೆರಾನ್ ಕೊಂಡ ರೈಲು

ರೈಲ್ವೆ ರಾಷ್ಟ್ರೀಕರಣವೆಂದರೆ ಸರ್ಕಾರ ಖಾಸಗಿಯವರಿಂದ ಕಿತ್ತುಕೊಳ್ಳುವುದೆಂದೇ ನಾನು ಬಹುಕಾಲ ತಿಳಿದಿದ್ದೆ. ಅರ್ಜೆಂಟೀನಾದ ಚರಿತ್ರೆ ಓದಿದ ಮೇಲೆ ಆ ಗ್ರಹಿಕೆ ಸಡಿಲವಾಯಿತು. ಅಲ್ಲಿ ಮಾರುವವರಿಗೇ ಅವಸರವಿತ್ತು.

1907ರ ಮಿತ್ರೆ ಕಾಯ್ದೆ ಬ್ರಿಟಿಷ್ ಕಂಪನಿಗಳಿಗೆ ನೀಡಿದ್ದ ತೆರಿಗೆ ವಿನಾಯಿತಿ 1947ರ ಆರಂಭಕ್ಕೆ ಮುಗಿಯುವುದಿತ್ತು. ಎಂಜಿನು, ಬೋಗಿಗಳು ಸವೆದಿದ್ದವು. ಇತ್ತ ಯುದ್ಧಕಾಲದಲ್ಲಿ ಮಾಂಸ, ಧಾನ್ಯ ಮಾರಿ ಅರ್ಜೆಂಟೀನಾ ಗಳಿಸಿದ ಹಣ ಲಂಡನ್ನಿನಲ್ಲೇ ಸಿಲುಕಿತ್ತು. (ನಮ್ಮ ಸ್ಟರ್ಲಿಂಗ್ ಉಳಿಕೆಯ ಪಾಡೂ ಆಗ ಅದೇ ಆಗಿತ್ತು.) 1947ರ ಫೆಬ್ರುವರಿಯಲ್ಲಿ 15 ಕೋಟಿ ಪೌಂಡಿಗೆ ಒಪ್ಪಂದವಾಯಿತು. ಆಗಸ್ಟಿನಲ್ಲಿ ಬ್ರಿಟನ್, ಪೌಂಡನ್ನು ಡಾಲರಿಗೆ ಪರಿವರ್ತಿಸುವುದನ್ನೇ ನಿಲ್ಲಿಸಿತು. ಬೆಲೆ ವಿಪರೀತವಾಯಿತೆಂದು ಟೀಕಾಕಾರರು ಪೆರಾನ್ ಅವರನ್ನು ದೂರುತ್ತಾರೆ. ನನಗೆ ಹಾಗೆನಿಸದು, ಕೈಗೆ ಬಾರದ ಹಣದಿಂದ ಅವರು ಮತ್ತೇನನ್ನು ಕೊಳ್ಳಬಹುದಿತ್ತು?

1948ರ ಮಾರ್ಚ್ 1ರಂದು ಹಸ್ತಾಂತರ ನಡೆಯಿತು. ಗ್ರೇಟ್ ಸದರ್ನ್ ಮಾರ್ಗ ‘ರೋಕಾ’ ಆಯಿತು, ಸೆಂಟ್ರಲ್ ‘ಮಿತ್ರೆ’ ಆಯಿತು. ಕಾಯ್ದೆಯ ಮಿತ್ರೆ ಮಗ, ಮಾರ್ಗದ ಮಿತ್ರೆ ಅವನ ತಂದೆ! ಹೆಸರು ಬದಲಾದರೂ ನಕಾಶೆ ಬದಲಾಗಲಿಲ್ಲ. ಹುಲ್ಲುಗಾವಲಿನ ಸರಕನ್ನು ಬಂದರಿಗೆ ಸಾಗಿಸಲೆಂದು ಹಾಸಿದ ಹಳಿಗಳು ಬ್ಯೂನಸ್ ಐರಿಸ್‌ನತ್ತಲೇ ಧಾವಿಸುತ್ತಿದ್ದವು. ಒಂದು ಪ್ರಾಂತದಿಂದ ಪಕ್ಕದ ಪ್ರಾಂತಕ್ಕೆ ಹೋಗುವವನಿಗೆ ಈ ವಿಮೋಚನೆಯಿಂದ ದಕ್ಕಿದ್ದು ಅಲ್ಪ.

1990ರ ದಶಕದಲ್ಲಿ ರೈಲು ಮತ್ತೆ ಖಾಸಗಿಯವರ ಕೈಸೇರಿತು. 2012ರ ಫೆಬ್ರುವರಿ 22ರಂದು ಸಾರ್ಮಿಯೆಂತೊ ಮಾರ್ಗದ ಗಾಡಿಯೊಂದು ಓನ್ಸೆ ನಿಲ್ದಾಣದ ತುದಿಗೆ ಅಪ್ಪಳಿಸಿ 51 ಮಂದಿ ಸತ್ತರು. ಗಾಡಿ ಓಡಿಸುತ್ತಿದ್ದುದು ಖಾಸಗಿ ಗುತ್ತಿಗೆದಾರ, ಸಬ್ಸಿಡಿ ಸರ್ಕಾರದ್ದು. 2015ರಲ್ಲಿ ಸಂಸತ್ತು ರೈಲ್ವೆಯನ್ನು ಮರಳಿ ಸರ್ಕಾರದ ವಶಕ್ಕೆ ಒಪ್ಪಿಸಿತು. ಹಳಿಗಳು ಈಗಲೂ ಬಂದರಿನತ್ತಲೇ ಮುಖ ಮಾಡಿವೆ.