ನೀರಾಗುವ ನೆಲ

ಭೂಕಂಪವೆಂದೊಡನೆ ಗೋಡೆ ಬಿರಿದು ಮನೆ ಕುಸಿಯುವ ಚಿತ್ರವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಮನೆಯು ಕುಸಿಯದೆಯೇ ನೆಲದೊಳಕ್ಕೆ ಇಳಿಯುವುದುಂಟೆಂದರೆ ನಂಬುವುದು ಕಷ್ಟ. ಆದರೆ 1934ನೆಯ ಇಸವಿ ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರದಲ್ಲಿ ನಡೆದುದು ಇದೇ. ಮೋತಿಹಾರಿ, ಸೀತಾಮಢಿ, ಮಧುಬನಿಗಳನ್ನೊಳಗೊಂಡ ಸುಮಾರು 300 ಕಿಲೋಮೀಟರು ಉದ್ದದ ಪ್ರದೇಶದಲ್ಲಿ ಮನೆಗಳು ವಾಲಿದುವು, ಹೂತುಹೋದುವು. ನೆಲ ಬಾಯ್ದೆರೆದು ನೀರೂ ಮರಳೂ ಚಿಲುಮೆಯಂತೆ ಚಿಮ್ಮಿದುವು. ಬಾವಿಗಳು ಮರಳಿನಿಂದ ತುಂಬಿದುವು. ಹೊಲಗಳ ಮೇಲೆ ಮರಳು ಹಾಸಿತು. ಪ್ರಾಣ ಉಳಿಸಿಕೊಂಡ ರೈತನಿಗೆ ಕುಡಿಯುವ ನೀರಿಗೂ ಮುಂದಿನ ಬೆಳೆಗೂ ಕುತ್ತು ಬಂದಿತು.

ಗಟ್ಟಿಯಾದ ನೆಲ ಹೀಗೆ ನೀರಾಗುವುದೆಂತು? ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಬೋಗುಣಿಯಲ್ಲಿ ನೀರು ಹಾಕಿ, ನೀರಿನ ಮಟ್ಟಕ್ಕೆ ಬರುವವರೆಗೆ ನುಣ್ಣನೆಯ ಮರಳನ್ನು ಮೆಲ್ಲಗೆ ಉದುರಿಸೋಣ. ಅದರ ಮೇಲೆ ತಕ್ಕಡಿಯ ತೂಕದ ಗುಂಡೊಂದನ್ನು ಇಟ್ಟರೆ ಅದು ನಿಲ್ಲುತ್ತದೆ. ಬೋಗುಣಿಯ ಪಕ್ಕವನ್ನು ಜೋರಾಗಿ ತಟ್ಟಿದರೆ ಗುಂಡು ಮುಳುಗುತ್ತದೆ.

ಮರಳಿನ ಕಣಗಳು ಒಂದನ್ನೊಂದು ಆತುಕೊಂಡಿರುವುದರಿಂದಲೇ ನೆಲವು ಭಾರವನ್ನು ಹೊರಬಲ್ಲುದು. ಅವುಗಳ ನಡುವಣ ಸಂದುಗಳಲ್ಲಿ ನೀರು ತುಂಬಿರುತ್ತದೆ. ಸೇರನ್ನು ಕುಲುಕಿದರೆ ಅಕ್ಕಿ ತಗ್ಗುವಂತೆ, ನೆಲ ನಡುಗಿದಾಗ ಸಡಿಲವಾದ ಮರಳು ಒತ್ತಾಗಿ ಕೂರಲು ಹವಣಿಸುತ್ತದೆ. ಆದರೆ ನಡುವಣ ನೀರಿಗೆ ಕೆಲವು ಕ್ಷಣಗಳಲ್ಲಿ ಹೊರಬೀಳಲು ದಾರಿಯಿಲ್ಲ. ಅದರ ಒತ್ತಡ ಏರಿ, ಕಣಗಳು ಹೊರುತ್ತಿದ್ದ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಕಣಗಳ ಹಿಡಿತ ತಪ್ಪಿ ನೆಲವು ದ್ರವದಂತಾಗುತ್ತದೆ. ಭಾರವಾದ ಮನೆ ಇಳಿಯುತ್ತದೆ; ನೆಲದಲ್ಲಿ ಹುಗಿದ ಬರಿಯ ತೊಟ್ಟಿ ಮೇಲಕ್ಕೆ ತೇಲುತ್ತದೆ. ಒತ್ತಡ ಇಳಿದ ಮೇಲೆ ನೆಲ ಮತ್ತೆ ಗಟ್ಟಿಯಾಗುತ್ತದೆ. ವಾಲಿದ ಮನೆ ಮಾತ್ರ ನೆಟ್ಟಗಾಗುವುದಿಲ್ಲ.

ಎಲ್ಲ ನೆಲಕ್ಕೂ ಈ ಭಯವಿಲ್ಲ. ಒಣಮರಳಿನಲ್ಲಿ ನೀರಿಲ್ಲ, ಅಂಟುಳ್ಳ ಜೇಡಿಯ ಕಣಗಳು ಸುಲಭವಾಗಿ ಬೇರ್ಪಡುವುದಿಲ್ಲ. ಸಡಿಲವಾದ ಮರಳೂ ಮೇಲೆಯೇ ನಿಂತ ಅಂತರ್ಜಲವೂ ಕೂಡಿದ ನದೀಬಯಲು, ಹಳೆಯ ಹೊಳೆಪಾತ್ರ, ಮರಳು ತುಂಬಿ ಮಾಡಿದ ನೆಲ, ಇವೇ ಅಪಾಯದ ಎಡೆಗಳು.

ಮನೆ ಭದ್ರವಾಗಿದ್ದರೆ ಸಾಲದೆ ಎಂದು ಕೇಳಬಹುದು. ಜಪಾನಿನ ನೀಗಾಟ ನಗರದಲ್ಲಿ 1964ನೆಯ ಜೂನ್ 16ರಂದು ಕಾಂಕ್ರೀಟಿನ ಅಂತಸ್ತಿನ ಮನೆಗಳು ಹೆಚ್ಚು ಒಡೆಯದೆಯೇ ವಾಲಿದುವು. ಒಂದಂತೂ ಬಹುಮಟ್ಟಿಗೆ ಮಲಗಿಯೇಬಿಟ್ಟಿತು. ಗೋಡೆಯಲ್ಲಿ ಕೊರತೆಯಿರಲಿಲ್ಲ, ನೆಲದಲ್ಲಿತ್ತು.

ಇದಕ್ಕೆ ಉಪಾಯಗಳುಂಟು. ಮರಳನ್ನು ಮೊದಲೇ ಅದುರಿಸಿ ಒತ್ತಾಗಿಸಬಹುದು. ನೀರು ಬೇಗ ಹೊರಬರುವಂತೆ ಜಲ್ಲಿಯ ಕಂಬಗಳನ್ನು ಇಳಿಸಬಹುದು. ಆಳದ ಗಟ್ಟಿ ಪದರದವರೆಗೆ ಆಧಾರಸ್ತಂಭಗಳನ್ನು ಒಯ್ಯಬಹುದು. ಆದರೆ ಇವೆಲ್ಲಕ್ಕೂ ಮೊದಲು, ಪಾಯ ತೋಡುವವರು ನೆಲವನ್ನು ಕೊರೆಯಿಸಿ, ಕೆಳಗಿರುವ ಮಣ್ಣು ಯಾವುದು, ನೀರು ಎಷ್ಟು ಆಳದಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು.