162ರಲ್ಲಿ 160 ಗೆದ್ದರೂ ಅಧಿಕಾರ ಸಿಗಲಿಲ್ಲ

1971ರ ಯುದ್ಧ ಅಂದ್ರೆ ನಮಗೆ ಥಟ್ ಅಂತ ನೆನಪಾಗೋದು ಢಾಕಾದಲ್ಲಿ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕ್ತಿರೋ ಫೋಟೊ. ಆದರೆ ಆ ಜಗಳ ಶುರುವಾಗಿದ್ದು ಒಂದು ವರ್ಷ ಮುಂಚೆ, ಮತಪೆಟ್ಟಿಗೆಯಿಂದ.

ಪಾಕಿಸ್ತಾನ ಹುಟ್ಟಿ 23 ವರ್ಷವಾದರೂ ಜನ ನೇರವಾಗಿ ಸಂಸತ್ತನ್ನು ಆರಿಸಿರಲಿಲ್ಲ. ಕೊನೆಗೆ 1970ರ ಡಿಸೆಂಬರ್ 7ರಂದು ಮತದಾನ ಇಟ್ಟಿದ್ದು ಸೇನಾಡಳಿತಗಾರ ಯಾಹ್ಯಾ ಖಾನ್. ಜನಸಂಖ್ಯೆ ಜಾಸ್ತಿ ಇದ್ದಿದ್ದು ಪೂರ್ವ ಪಾಕಿಸ್ತಾನದಲ್ಲಿ. ಹಾಗಾಗಿ 300 ಸಾಮಾನ್ಯ ಸ್ಥಾನಗಳಲ್ಲಿ 162 ಅವರಿಗೆ, 138 ಪಶ್ಚಿಮಕ್ಕೆ. ಯಾರಿಗೂ ಬಹುಮತ ಬರಲ್ಲ, ಪಕ್ಷಗಳು ಕಿತ್ತಾಡ್ಕೊಂಡಿರ್ತವೆ, ಲಗಾಮು ನಮ್ಮ ಕೈಯಲ್ಲೇ ಇರುತ್ತೆ ಅನ್ನೋದು ಸೇನೆಯ ಲೆಕ್ಕಾಚಾರವಾಗಿತ್ತು.

ಪೂರ್ವದವರ ಸಿಟ್ಟು ಹಳೇದು. 1952ರಲ್ಲಿ ಬಂಗಾಳಿ ಭಾಷೆಗೆ ಮಾನ್ಯತೆ ಕೇಳಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಗುಂಡು ಹಾರಿತ್ತು. ಶೇಖ್ ಮುಜೀಬುರ್ ರೆಹಮಾನ್ 1966ರಿಂದ ಆರು ಅಂಶಗಳ ಸ್ವಾಯತ್ತತೆ ಕೇಳ್ತಾ ಇದ್ದರು. ಇದರ ಮೇಲೆ, ಮತದಾನಕ್ಕೆ ಒಂದು ತಿಂಗಳೂ ಇಲ್ಲದಿರುವಾಗ ಭೋಲಾ ಚಂಡಮಾರುತ ಅಪ್ಪಳಿಸಿತು. ಸತ್ತವರು ಕಡಿಮೆ ಅಂದ್ರೂ 3 ಲಕ್ಷ ಅಂತ ಅಂದಾಜು. ಸರ್ಕಾರದ ಪರಿಹಾರ ತಡವಾಯಿತು. ಜನ ಅದನ್ನು ಮರೆಯದೇ ಹೋಗಿ ದೋಣಿ ಗುರುತಿಗೆ ವೋಟು ಹಾಕಿದರು.

ಮುಜೀಬರ ಅವಾಮಿ ಲೀಗ್‌ಗೆ ಪೂರ್ವದ 162ರಲ್ಲಿ 160, ಪಶ್ಚಿಮದಲ್ಲಿ ಸೊನ್ನೆ. ಭುಟ್ಟೊ ಪಕ್ಷಕ್ಕೆ ಪಶ್ಚಿಮದಲ್ಲಿ 81. ಪೂರ್ವದಲ್ಲಿ ಅವರು ಕ್ಯಾಂಡಿಡೇಟನ್ನೇ ಹಾಕಿರಲಿಲ್ಲ! ಮ್ಯಾಪ್ ನೋಡಿದರೆ ಒಂದೇ ದೇಶದ ರಿಸಲ್ಟ್ ಅನಿಸೋದೇ ಇಲ್ಲ.

ಮಹಿಳಾ ಮೀಸಲು ಸ್ಥಾನಗಳೂ ಸೇರಿ 313ರಲ್ಲಿ ಮುಜೀಬರಿಗೆ 167. ಸ್ಪಷ್ಟ ಬಹುಮತ, ಅವರೇ ಪ್ರಧಾನಿ ಆಗಬೇಕಿತ್ತು. ಹೊಸ ಸಭೆ 120 ದಿನದಲ್ಲಿ ಸಂವಿಧಾನ ಬರೆದು ಮುಗಿಸಬೇಕು ಅಂತಲೂ ನಿಯಮವಿತ್ತು. (ನಮ್ಮ ಭಾಷೇಲಿ ಹೇಳೋದಾದ್ರೆ ಡೆಡ್‌ಲೈನ್ ಫಿಕ್ಸ್ ಆಗಿತ್ತು, ಕಿಕ್‌ಆಫ್ ಮೀಟಿಂಗೇ ಆಗಲಿಲ್ಲ.) ಮಾರ್ಚ್ 3ಕ್ಕೆ ಢಾಕಾದಲ್ಲಿ ಅಧಿವೇಶನ ಅಂದರು. ನಾನು ಬರಲ್ಲ ಅಂತ ಭುಟ್ಟೊ ಪಟ್ಟು ಹಿಡಿದರು. ಮಾರ್ಚ್ 1ರಂದು ಯಾಹ್ಯಾ ಅದನ್ನು ಮುಂದೂಡಿದರು. ಢಾಕಾ ಪೂರ್ತಿ ಬೀದಿಗೆ ಬಂತು. ನನ್ನ ಪ್ರಕಾರ ಪಾಕಿಸ್ತಾನ ಒಡೆದಿದ್ದು ಅವತ್ತೇ. ಡಿಸೆಂಬರ್‌ನಲ್ಲಿ ಆಗಿದ್ದು ಸಹಿ ಅಷ್ಟೇ.

ವಿಚಿತ್ರ ಅಂದ್ರೆ ಅದೇ ಮಾರ್ಚ್ 1ರಂದು ಭಾರತದಲ್ಲೂ ಲೋಕಸಭೆಗೆ ಮತದಾನ ಶುರುವಾಗಿತ್ತು. ಇಂದಿರಾ ಗಾಂಧಿಯವರ ಕಾಂಗ್ರೆಸ್‌ಗೆ 352 ಸ್ಥಾನ. ಆಗಿನ್ನೂ ಮೈಸೂರು ರಾಜ್ಯ ಅಂತಿದ್ದ ನಮ್ಮಲ್ಲಿ 27ಕ್ಕೆ 27. ಇಲ್ಲಿ ಗೆದ್ದವರು ಮಾರ್ಚ್ 18ಕ್ಕೆ ಪ್ರಮಾಣವಚನ ತಗೊಂಡರು. ಅಲ್ಲಿ ಗೆದ್ದವರನ್ನು ಒಂದೇ ವಾರದಲ್ಲಿ, ಮಾರ್ಚ್ 25ರ ರಾತ್ರಿ ಸೇನೆ ಬಂಧಿಸೋಕೆ ಹೊರಟಿತು. ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗೂ ನುಗ್ಗಿತು. ಆಮೇಲೆ ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದು, ಡಿಸೆಂಬರ್ 3ರಂದು ಯುದ್ಧ ಹೊತ್ತಿಕೊಂಡಿದ್ದು ನಿಮಗೆ ಗೊತ್ತೇ ಇದೆ.

ಪೂರ್ವದಲ್ಲಿ ಅವಾಮಿ ಲೀಗ್ ಕೈತಪ್ಪಿದ ಆ ಎರಡು ಸೀಟುಗಳಲ್ಲಿ ಒಂದನ್ನು ಗೆದ್ದವರು ನೂರುಲ್ ಅಮೀನ್. 1952ರಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದಾಗ ಅಲ್ಲಿ ಮುಖ್ಯಮಂತ್ರಿ ಆಗಿದ್ದವರೂ ಇವರೇ. ಚುನಾವಣೆಗೆ ಸರಿಯಾಗಿ ಒಂದು ವರ್ಷವಾದ ದಿನ ಯಾಹ್ಯಾ ಇವರನ್ನು ಪಾಕಿಸ್ತಾನದ ಪ್ರಧಾನಿ ಮಾಡಿದರು. ಕುರ್ಚಿ ಉಳಿದಿದ್ದು 13 ದಿನ.

ಉಳಿದ 160 ಕ್ಷೇತ್ರಗಳ ಫಲಿತಾಂಶ ಮಾತ್ರ ಕಸದ ಬುಟ್ಟಿಗೆ ಹೋಗಲಿಲ್ಲ. ಹೊಸ ಚುನಾವಣೆ ಮಾಡದೆ, 1970ರಲ್ಲಿ ರಾಷ್ಟ್ರೀಯ ಮತ್ತು ಪ್ರಾಂತೀಯ ಸಭೆಗಳಿಗೆ ಆರಿಸಿ ಬಂದವರನ್ನೇ ಸೇರಿಸಿ ಬಾಂಗ್ಲಾದೇಶ ತನ್ನ ಸಂವಿಧಾನ ಸಭೆ ಮಾಡಿಕೊಂಡಿತು. ಅದು ಢಾಕಾದಲ್ಲಿ ಸೇರಿದ್ದು 1972ರ ಏಪ್ರಿಲ್‌ನಲ್ಲಿ, ಸಂವಿಧಾನ ಒಪ್ಪಿದ್ದು ನವೆಂಬರ್ 4ಕ್ಕೆ. 120 ದಿನಕ್ಕಿಂತ ಸ್ವಲ್ಪ ಜಾಸ್ತಿನೇ ಹಿಡೀತು.