ಸರ್ವರ್‌ನ ಹಾರ್ಡ್ ಡಿಸ್ಕ್ ಕಟಕಟ ಎಂದರೆ...



ಊರು ಬಿಟ್ಟು ಕೋಲ್ಕತ್ತಕ್ಕೆ ಬಂದ ನಮ್ಮಂಥವರಿಗೆ ಕನ್ನಡ ಬಳಗದ ಜಾಲತಾಣ ಎಂದರೆ ಮನೆಯ ಜಗಲಿ ಇದ್ದ ಹಾಗೆ. ರಾಜ್ಯೋತ್ಸವದ ಫೋಟೋ, ಮಕ್ಕಳ ನಾಟಕದ ಧ್ವನಿಮುದ್ರಣ, ಹಿರಿಯರು ಬರೆದುಕೊಟ್ಟ ನೆನಪುಗಳು ಎಲ್ಲ ಅಲ್ಲೇ. ಆದರೆ ಇಷ್ಟೂ ಕೂತಿರುವುದು ಸರ್ವರ್ ಒಳಗಿನ ಒಂದು ಹಾರ್ಡ್ ಡಿಸ್ಕಿನಲ್ಲಿ. ಅದೂ ಯಂತ್ರವೇ. ಇವತ್ತಲ್ಲ ನಾಳೆ ಕೆಡುತ್ತದೆ.

ಡಿಸ್ಕಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ತಲೆ ಅವುಗಳನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ತಾಗಿತೋ, ಅಲ್ಲಿನ ಬರಹ ಉಜ್ಜಿಹೋಯಿತು ಎಂದೇ ಲೆಕ್ಕ. ಕಾಲಬೈಶಾಖಿ ಗಾಳಿಗೆ ಕರೆಂಟು ಹೋಗಿ ಬಂದು ಮಾಡುವ ನಮ್ಮ ಊರಿನಲ್ಲಿ ಸರ್ವರ್ ಇಟ್ಟಿದ್ದರೆ ಯುಪಿಎಸ್ ಬೇಕೇ ಬೇಕು.

ಕೆಡುವ ಮೊದಲು ಡಿಸ್ಕ್ ಅನೇಕ ಸಲ ಸುಳಿವು ಕೊಡುತ್ತದೆ: ಪುಟ ತೆರೆಯಲು ತಡ, ಕಟಕಟ ಸದ್ದು, ಲಾಗ್‌ನಲ್ಲಿ ಓದಲಾಗದ ಸೆಕ್ಟರ್‌ಗಳ ದೂರು. ಡಿಸ್ಕಿನ ‘ಸ್ಮಾರ್ಟ್’ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಎಣಿಕೆ ದಿನೇ ದಿನೇ ಏರುತ್ತಿದ್ದರೆ ಕಾಯಬೇಡಿ, ಡಿಸ್ಕ್ ಬದಲಿಸಿ. ಸುಳಿವೇ ಕೊಡದೆ ಸಾಯುವ ಡಿಸ್ಕುಗಳೂ ಉಂಟು, ನೆನಪಿರಲಿ.

ಸುಳಿವು ಸಿಕ್ಕಾಗ ಏನು ಮಾಡಬೇಕು? ಮೊದಲು ಜಾಲತಾಣಕ್ಕೆ ಹೊಸ ಬರಹ ಸೇರುವುದನ್ನು ನಿಲ್ಲಿಸಿ. ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ. ಅದೇ ಡಿಸ್ಕಿನ ಮೇಲೆ ರಿಪೇರಿ ತಂತ್ರಾಂಶ ಓಡಿಸಬೇಡಿ; ಉಳಿದದ್ದೂ ಹೋದೀತು. ಡೇಟಾಬೇಸನ್ನು ಮೊದಲು ಬೇರೆ ಯಂತ್ರಕ್ಕೆ ನಕಲು ಮಾಡಿ, ಆಮೇಲೆ ಫೋಟೋ, ಧ್ವನಿ, ಸೆಟ್ಟಿಂಗ್‌ಗಳು. ತಂತ್ರಾಂಶವನ್ನು ಮತ್ತೆ ಇಳಿಸಿಕೊಳ್ಳಬಹುದು. ಅಜ್ಜಿಯ ದನಿಯನ್ನು ಎಲ್ಲಿಂದ ಇಳಿಸಿಕೊಳ್ಳುತ್ತೀರಿ? ಕೆಲವು ಭಾಗ ಓದಲಾಗದಿದ್ದರೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ. ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಸದ್ದು ಜೋರಾಗಿದ್ದು ಬೇರೆ ನಕಲೇ ಇಲ್ಲವೆಂದರೆ, ಆಫ್ ಮಾಡಿ ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ. ಮುಚ್ಚಳ ಮಾತ್ರ ತೆಗೆಯಬೇಡಿ.

“ನಮ್ಮಲ್ಲಿ ಎರಡು ಡಿಸ್ಕಿನ ರೇಡ್ ಇದೆಯಲ್ಲ?” ಎನ್ನುತ್ತೀರಾ? ಒಂದು ಡಿಸ್ಕ್ ಸತ್ತಾಗ ಅದು ಕಾಪಾಡುತ್ತದೆ, ನಿಜ. ಆದರೆ ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಬ್ಯಾಕಪ್ ಇದ್ದ ಮಾತ್ರಕ್ಕೂ ನೆಮ್ಮದಿಯಿಲ್ಲ. 2009ರ ಜನವರಿಯಲ್ಲಿ ಅಮೆರಿಕದ ‘ಮ್ಯಾಗ್ನೋಲಿಯಾ’ ಎಂಬ ಜಾಲತಾಣದ ಡೇಟಾಬೇಸ್ ಕೆಟ್ಟಿತು. ಬ್ಯಾಕಪ್ ಇತ್ತು, ಆದರೆ ಕೆಟ್ಟ ಕಡತವೇ ಅಲ್ಲಿಗೂ ನಕಲಾಗಿತ್ತು! ಆದ್ದರಿಂದ ಬೇರೆ ಬೇರೆ ತಾರೀಖಿನ ನಕಲುಗಳನ್ನು ಇಡಿ. ತಿಂಗಳಿಗೊಮ್ಮೆ ಒಂದನ್ನು ತೆರೆದು, ಜಾಲತಾಣ ಅದರಿಂದ ಎದ್ದು ನಿಲ್ಲುತ್ತದೆಯೇ ನೋಡಿ.

ಎಷ್ಟು ನಕಲು, ಎಲ್ಲೆಲ್ಲಿ? ಉತ್ತರ ನಮ್ಮ ಅಲಿಪುರದಲ್ಲೇ ಇದೆ. 1954ರ ಕಾಯ್ದೆಯಂತೆ ಭಾರತದಲ್ಲಿ ಅಚ್ಚಾದ ಪುಸ್ತಕದ ಒಂದೊಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಹೋಗಬೇಕು. ಬೆಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕ ಹೂಗ್ಲಿ ದಂಡೆಗೆ ಬಂದು ಕೂರುವುದು ಹೀಗೆ. ಒಂದು ಊರಿನಲ್ಲಿ ನೀರು ನುಗ್ಗಿದರೂ ಇನ್ನೊಂದು ಊರಿನಲ್ಲಿ ಪುಸ್ತಕ ಉಳಿದಿರುತ್ತದೆ.

ನಮ್ಮ ಜಾಲತಾಣಕ್ಕೂ ಹೀಗೇ ಮಾಡೋಣ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪರಊರಿನಲ್ಲಿ. ಮುಂದಿನ ಸಲ ಹೌರಾದಲ್ಲಿ ರೈಲು ಹತ್ತುವಾಗ, ಸಂದೇಶ್ ಡಬ್ಬಿಯ ಜೊತೆ ಒಂದು ಪುಟ್ಟ ಪೋರ್ಟಬಲ್ ಡಿಸ್ಕೂ ಚೀಲದಲ್ಲಿರಲಿ. ಊರಿನಲ್ಲಿ ಅಣ್ಣನ ಮನೆಯ ಬೀರುವಿನಲ್ಲಿ ಇಟ್ಟು ಬನ್ನಿ.

ಮತ್ತೆ ಸಿಗೋಣ.